ಹಾಸಿಗೆ ಎಣಿಸಿದರೆ ಸಾಕೇ?

ನಗರದ ವಸತಿರಹಿತರಿಗೆ ಆಶ್ರಯ ಕೊಡುವ ಕೇಂದ್ರ ಸರ್ಕಾರದ ಯೋಜನೆಯ ಮಾರ್ಗಸೂಚಿಯನ್ನು ಪೂರ್ತಿ ಓದಿದೆ. 2013ರದ್ದು, ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಭಾಗ. ಸರ್ಕಾರಿ ಕಾಗದದಲ್ಲಿ ಇಷ್ಟು ಕಾಳಜಿ ಅಪರೂಪ, ಒಪ್ಪಲೇಬೇಕು. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಇರಬಹುದಾದ ಒಂದು ಕೇಂದ್ರ, ತಲೆಗೆ 50 ಚದರ ಅಡಿ, ಅಡುಗೆಗೆ ಜಾಗ, ಹಗಲೂ ರಾತ್ರಿಯೂ ತೆರೆದ ಬಾಗಿಲು. 2011ರ ಜನಗಣತಿಯ 84 ಲಕ್ಷದ ಲೆಕ್ಕ ಹಿಡಿದರೆ ಬೆಂಗಳೂರಿಗೇ 84 ಕೇಂದ್ರ ಬೇಕು. ಅಷ್ಟಿಲ್ಲ ಅಂತ ಚಳಿಗಾಲ ಬಂದಾಗಲೆಲ್ಲ ಪತ್ರಿಕೆಗಳು ಬರೆಯುತ್ತವೆ. ಬರೆಯಲಿ. ನನ್ನ ತಕರಾರು ಬೇರೆ. ಅಲ್ಲಿ ಮಲಗಬೇಕಾದವರನ್ನು ‘ನಿಮಗೇನು ಬೇಕು?’ ಅಂತ ಕೇಳಿದವರು ಯಾರು?

ಕೆ.ಆರ್. ಮಾರುಕಟ್ಟೆಯ ಹಮಾಲಿಯನ್ನೇ ತಗೊಳ್ಳಿ. ತರಕಾರಿ ಲಾರಿ ಬರೋದು ಊರೆಲ್ಲ ಮಲಗಿದ ಮೇಲೆ. ಅವನಿಗೆ ‘ರಾತ್ರಿ ತಂಗುದಾಣ’ ಯಾಕೆ? ಮೂರು ಮೈಲಿ ಆಚೆಯ ಹಾಸಿಗೆಗಿಂತ ಲಾರಿ ನಿಲ್ಲುವ ಕಡೆಯ ಅಂಗಡಿ ಜಗಲಿಯೇ ಲಾಭ. ಕೂಗಿದ ತಕ್ಷಣ ಎದ್ದು ಹೋಗಬಹುದು, ಅವತ್ತಿನ ಕೂಲಿ ತಪ್ಪಲ್ಲ. ಕೇಂದ್ರ ಕೆಲಸದ ಜಾಗಕ್ಕೆ ಹತ್ತಿರ ಇರಬೇಕು ಅಂತ ಮಾರ್ಗಸೂಚಿಯೂ ಹೇಳುತ್ತೆ, ‘ಸಾಧ್ಯವಾದಷ್ಟು’ ಅನ್ನೋ ಬಾಲ ಅಂಟಿಸಿ. ಆ ಬಾಲ ಹಿಡ್ಕೊಂಡರೆ ಯಾವ ಮೂಲೆಯ ಖಾಲಿ ಕಟ್ಟಡಕ್ಕೆ ಬೇಕಾದರೂ ಬೋರ್ಡು ಹಾಕಬಹುದು. ಸಂಸಾರಸ್ಥರದು ಇನ್ನೊಂದು ಫಜೀತಿ. ಗಂಡಸರ ಕೇಂದ್ರಕ್ಕೆ ಅವನು, ಹೆಂಗಸರ ಕೇಂದ್ರಕ್ಕೆ ಅವಳು, ಮಕ್ಕಳು? ಅದಕ್ಕಿಂತ ಫ್ಲೈಓವರ್ ಕೆಳಗೇ ವಾಸಿ ಅನ್ನೋದು ಹಟ ಅಲ್ಲ, ಲೆಕ್ಕಾಚಾರ.

‘ಕರೆದರೂ ಬರಲ್ಲ ಕಣ್ರೀ, ಅವರಿಗೆ ಬೀದಿಯೇ ರುಚಿ’ ಅನ್ನುವವರಿದ್ದಾರೆ. ಅವರು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಲಿ. ಅದರಲ್ಲಿ ಭಿಕ್ಷುಕರ ಸೆಸ್ ಅಂತ ಶೇ. 3 ಇರುತ್ತೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ದುಡ್ಡು ಅದು. ಬೀದಿಯಲ್ಲಿ ಬೇಡುವವರನ್ನು ಹಿಡಿದು ಒಳಗಿಡಲು ಈ ಕಾಯ್ದೆ ಅಧಿಕಾರ ಕೊಡುತ್ತೆ. ಒಳಗೆ ಅಂದರೆ ಎಲ್ಲಿ? ಬೆಂಗಳೂರಲ್ಲಾದರೆ ಮಾಗಡಿ ರಸ್ತೆಯ ‘ನಿರಾಶ್ರಿತರ ಪರಿಹಾರ ಕೇಂದ್ರ’. ಹೆಸರು ನೋಡಿದರೆ ಕರುಣೆ ಉಕ್ಕಬೇಕು. 2010ರ ಆಗಸ್ಟ್‌ನಲ್ಲಿ ಅಲ್ಲಿದ್ದವರು ಸಾಲುಸಾಲಾಗಿ ಸತ್ತ ಸುದ್ದಿ ರಾಜ್ಯವೆಲ್ಲ ಓದಿತ್ತು. ಬೀದಿಯಲ್ಲಿ ಮಲಗುವವರು ಪೇಪರ್ ಓದದಿದ್ದರೂ ಇಂಥ ಸುದ್ದಿ ಅವರಿಗೆ ನಮಗಿಂತ ಮೊದಲೇ ಮುಟ್ಟಿರುತ್ತೆ.

ಈಗ ರಾತ್ರಿ ಹತ್ತರ ಹೊತ್ತಿಗೆ ಫುಟ್‌ಪಾತ್ ಪಕ್ಕ ಒಂದು ಜೀಪು ನಿಲ್ಲುತ್ತೆ. ಇಳಿದವರು ‘ಏಳಿ, ಹತ್ತಿ, ಕೇಂದ್ರಕ್ಕೆ ಹೋಗೋಣ’ ಅಂತಾರೆ. ಯಾವ ಕೇಂದ್ರ ಅಂತ ಮಲಗಿದ್ದವನಿಗೆ ಹೇಗೆ ಗೊತ್ತಾಗಬೇಕು?