ಗೆಳೆತನದ ಚಿತ್ರಪಟಗಳಲ್ಲಿ ಮಾತು ಯಾರದು?

ವರ್ಣ, ಜಾತಿ, ಸಿರಿತನ ಬಡತನಗಳ ಗೋಡೆಯನ್ನು ದಾಟಿ ಇಬ್ಬರು ಗೆಳೆಯರಾಗುವ ಕಥೆಯು ಚಿತ್ರಪಟಕ್ಕೆ ಬಹು ಹಿಂದಿನಿಂದಲೂ ಪ್ರಿಯವಾದ ವಸ್ತು. ಇಂಥ ಚಿತ್ರವನ್ನು ನೋಡಿ ಹೊರಗೆ ಬರುವ ಪ್ರೇಕ್ಷಕನ ಕಣ್ಣು ತೇವವಾಗಿರುತ್ತದೆ. ತಾನು ಮೊದಲಿಗಿಂತ ತುಸು ಒಳ್ಳೆಯವನಾದೆನೆಂಬ ಸಮಾಧಾನವೂ ಅವನಿಗೆ ದೊರೆತಿರುತ್ತದೆ. ಆ ಸಮಾಧಾನಕ್ಕೆ ಬೆಲೆ ತೆತ್ತವರು ಯಾರು ಎಂಬದನ್ನು ವಿಚಾರಿಸುವದು ವಿಮರ್ಶೆಯ ಕೆಲಸ. ಈ ವಿಚಾರಣೆಗೆ ನಾವು ಒಂದು ಸುಲಭವಾದ ಒರೆಗಲ್ಲನ್ನು ಇಟ್ಟುಕೊಂಡಿದ್ದೇವೆ: ಇಬ್ಬರು ಗೆಳೆಯರಲ್ಲಿ ಯಾರು ಯಾರ ಮಾತನ್ನು ಕಲಿತರು?

ಸೊಲ್ಲಾಪುರ, ಅಕ್ಕಲಕೋಟ ಭಾಗದ ವಾಚಕರಿಗೆ ಈ ಪ್ರಶ್ನೆಯು ವಿಚಿತ್ರವೆನಿಸಲಾರದು. ಮನೆಯಲ್ಲಿ ಕನ್ನಡ, ಕಚೇರಿ ಪೇಟೆಗಳಲ್ಲಿ ಮರಾಠಿ, ಪದ್ಮಶಾಲಿ ನೇಕಾರರ ಓಣಿಯಲ್ಲಿ ತೆಲುಗು, ಮತ್ತೊಂದು ಓಣಿಯಲ್ಲಿ ಉರ್ದು ಇವೆಲ್ಲ ನಮಗೆ ನಿತ್ಯದ ಸಂಗತಿ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯ ಹುಡುಗನು ಪುಣೆಯ ಬಾಲಭಾರತಿಯಲ್ಲಿ ಅಚ್ಚಾದ ಕನ್ನಡ ಪಠ್ಯವನ್ನು ಓದುತ್ತಾನೆ. ಅದರ ಜೊತೆಗೆ ಮರಾಠಿಯನ್ನೂ ಕಲಿಯುತ್ತಾನೆ. ಅವನ ಮರಾಠಿ ಗೆಳೆಯನಿಗೆ ಕನ್ನಡ ಬರುವದು ಅಪರೂಪ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಒಂದು ಭಾಷೆ ಹೆಚ್ಚು ಕಲಿತವನು ಬಡವನಾಗುವದಿಲ್ಲ. ಆದರೆ ಗೆಳೆತನದಲ್ಲಿ ದಾರಿ ನಡೆದವನು ಯಾರು, ಕುಳಿತಲ್ಲೇ ಕಾದವನು ಯಾರು ಎಂಬದು ಆ ಹುಡುಗನಿಗೆ ಚೆನ್ನಾಗಿ ತಿಳಿದಿರುತ್ತದೆ. ಅವನ ಆ ತಿಳಿವಳಿಕೆಯಿಂದಲೇ ಚಿತ್ರಪಟಗಳನ್ನು ನೋಡಬಾರದೇಕೆ?

ಮೊದಲು ಹೊರಗಿನ ಎರಡು ಚಿತ್ರಗಳು. 1958ರಲ್ಲಿ ಸ್ಟಾನ್ಲಿ ಕ್ರೇಮರ್ ತೆಗೆದ ‘ದಿ ಡಿಫೈಯಂಟ್ ವನ್ಸ್’ ಎಂಬ ಅಮೇರಿಕೆಯ ಚಿತ್ರದಲ್ಲಿ, ಒಂದೇ ಸರಪಳಿಯಿಂದ ಬಿಗಿಯಲ್ಪಟ್ಟ ಇಬ್ಬರು ಕೈದಿಗಳು ಓಡಿಹೋಗುತ್ತಾರೆ. ಒಬ್ಬ ಬಿಳಿಯ, ಒಬ್ಬ ಕರಿಯ. ಹಗೆಯಿಂದ ಹೊರಟವರು ಗೆಳೆಯರಾಗುತ್ತಾರೆ. ಕಡೆಯಲ್ಲಿ ಸಿಡ್ನಿ ಪಾಯ್ಟಿಯೆ ವಹಿಸಿದ ಕರಿಯನ ಪಾತ್ರವು ಚಲಿಸುವ ರೈಲು ಹತ್ತಿ ಬಿಡುಗಡೆಯ ಅಂಚಿನಲ್ಲಿದ್ದರೂ, ಹತ್ತಲಾರದ ಬಿಳಿಯ ಗೆಳೆಯನಿಗಾಗಿ ಕೆಳಗೆ ಬೀಳುತ್ತದೆ. ಈ ದೃಶ್ಯವನ್ನು ಕಂಡು ಬಿಳಿಯ ಉದಾರವಾದಿಗಳು ಚಪ್ಪಾಳೆ ತಟ್ಟಿದರೆಂದೂ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕರಿಯ ಪ್ರೇಕ್ಷಕರು ಮರಳಿ ರೈಲು ಹತ್ತೆಂದು ಅವನನ್ನು ಕೂಗಿ ಬಯ್ದರೆಂದೂ ಲೇಖಕ ಜೇಮ್ಸ್ ಬಾಲ್ಡ್ವಿನ್ 1976ರಲ್ಲಿ ಬರೆದರು. ಒಂದೇ ಪರದೆ, ಎರಡು ಪ್ರೇಕ್ಷಕ ವರ್ಗ. ಬೆಲೆ ತೆರುವವರ ಕಡೆಯವರಿಗೆ ಲೆಕ್ಕವು ಒಡನೆ ಗೊತ್ತಾಯಿತು.

ಅರವತ್ತು ವರ್ಷಗಳ ನಂತರ, 2018ರಲ್ಲಿ ಬಂದ ‘ಗ್ರೀನ್ ಬುಕ್’ ಚಿತ್ರದಲ್ಲಿ ಸ್ಥಾನಗಳು ತಿರುವುಮುರುವಾಗಿವೆ. ಪಿಯಾನೋ ವಾದಕ ಡಾನ್ ಶರ್ಲಿ ಕರಿಯ, ವಿದ್ಯಾವಂತ, ಯಜಮಾನ. ಅವನ ಕಾರು ನಡೆಸುವವನು ಬಿಳಿಯ, ಒರಟ. 1962ರಲ್ಲಿ ಇಬ್ಬರೂ ದಕ್ಷಿಣ ಪ್ರಾಂತಗಳಲ್ಲಿ ಸಂಚರಿಸುತ್ತಾರೆ. ಚಾಲಕನು ಹೆಂಡತಿಗೆ ಬರೆಯುವ ಕಾಗದಗಳನ್ನು ವಾದಕನು ತಿದ್ದಿ ಹೇಳಿ ಬರೆಸುವ ಭಾಗವು ಚಿತ್ರದಲ್ಲಿ ನಿಜವಾಗಿಯೂ ಸೊಗಸಾಗಿದೆ. ಅಲ್ಲಿ ಮಾತು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಆದರೆ ಅದೇ ಚಾಲಕನು ಕರಿಯ ವಾದಕನಿಗೆ ಕರಿಯರ ಊಟವನ್ನು ಪರಿಚಯಿಸಿಕೊಡುವ ದೃಶ್ಯವೂ ಅಲ್ಲುಂಟು. ಚಿತ್ರಕಥೆಯ ಕರ್ತೃಗಳಲ್ಲೊಬ್ಬರು ಆ ಚಾಲಕನ ಮಗ. ಶರ್ಲಿಯ ಮನೆಯವರು ಈ ಕಥನವನ್ನು ಒಪ್ಪಲಿಲ್ಲ. ಆದರೂ 2019ರಲ್ಲಿ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಪಾರಿತೋಷಕ ಅದಕ್ಕೆ ಬಂತು. ಕಥೆ ಹೇಳುವ ಬಾಯಿಯೂ ಮಾತಿನ ಲೆಕ್ಕದಲ್ಲಿ ಸೇರತಕ್ಕದ್ದು.

ನಮ್ಮ ಕಡೆಗೆ ಬರೋಣ. ವ್ಹಿ. ಶಾಂತಾರಾಮರು ಕೊಲ್ಲಾಪುರದವರಾದರೂ ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿದ್ದು, ಅಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿಯೂ ಚಿತ್ರಮಂದಿರವೊಂದರಲ್ಲಿಯೂ ದುಡಿದವರು. 1941ರಲ್ಲಿ ಅವರು ಪುಣೆಯ ಪ್ರಭಾತ ಸಂಸ್ಥೆಗಾಗಿ ಒಂದೇ ಕಥೆಯನ್ನು ಮರಾಠಿಯಲ್ಲಿ ‘ಶೇಜಾರಿ’ ಎಂದೂ ಹಿಂದಿಯಲ್ಲಿ ‘ಪಡೋಸೀ’ ಎಂದೂ ತೆಗೆದರು. ನೆರೆಮನೆಯ ಇಬ್ಬರು ಮುದುಕರು, ಒಬ್ಬ ಹಿಂದು, ಒಬ್ಬ ಮುಸಲ್ಮಾನ, ಚದುರಂಗದ ಜೊತೆಗಾರರು. ಅಣೆಕಟ್ಟು ಕಟ್ಟಲು ಬಂದ ಧನಿಕನು ಊರನ್ನು ಒಡೆಯುತ್ತಾನೆ. ಕಡೆಗೆ ಅಣೆಕಟ್ಟಿನ ನಾಶದಲ್ಲಿ ಗೆಳೆಯರು ಒಟ್ಟಿಗೆ ಮಡಿಯುತ್ತಾರೆ. ಹಿಂದಿ ಚಿತ್ರದಲ್ಲಿ ಹಿಂದುವಿನ ಪಾತ್ರವನ್ನು ಮಝಹರ ಖಾನರಿಗೂ, ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರದಾರರಿಗೂ ಕೊಟ್ಟದ್ದು ದಿಗ್ದರ್ಶಕರ ಜಾಣ್ಮೆ. ನಟನು ಎದುರಿನವನ ಮಾತನ್ನು ಬಾಯಿಪಾಠ ಮಾಡಿ ಅವನ ಮನೆಯೊಳಗೆ ಹೊಕ್ಕು ನೋಡಬೇಕಾಯಿತು. ಕಥೆಯೊಳಗೆ ಮಾತ್ರ ಇಬ್ಬರೂ ಸಮಾನಸ್ಥರು, ಒಂದೇ ಊರಿನವರು. ಜಗಳವು ಹೊರಗಿನಿಂದ ಬರುತ್ತದೆ. ಆದುದರಿಂದ ಗೆಳೆತನದೊಳಗಿನ ಕಷ್ಟವನ್ನು ಆ ಚಿತ್ರವು ಮುಟ್ಟುವದಿಲ್ಲ.

ಕನ್ನಡದಲ್ಲಿ ಈ ಬಗೆಗೆ ಎಲ್ಲರೂ ನೆನೆಯುವದು 1974ರ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ಧಲಿಂಗಯ್ಯನವರ ದಿಗ್ದರ್ಶನ. ಅಯ್ಯುವಾಗಿ ಲೋಕೇಶ, ಗುಳ್ಳನಾಗಿ ವಿಷ್ಣುವರ್ಧನ. ಬಡ್ಡಿ ಸಾಹುಕಾರನ ಮಗನು ಅಪ್ಪನ ಹಾದಿಯನ್ನು ಬಿಡಬೇಕು, ರೈತನ ಮಗನು ಹಗೆಯನ್ನು ಬಿಡಬೇಕು. ಇಲ್ಲಿ ಮೇಲಿನವನೂ ಏನನ್ನಾದರೂ ಕಳೆದುಕೊಳ್ಳುತ್ತಾನೆಂಬದು ದೊಡ್ಡ ಗುಣ. ಆದರೆ ಮನಸ್ಸುಗಳನ್ನು ಕೂಡಿಸಲು ಪ್ರವಾಹವೇ ಬರಬೇಕಾಯಿತು. ಶಾಂತಾರಾಮರಿಗೆ ಅಣೆಕಟ್ಟು, ಸಿದ್ಧಲಿಂಗಯ್ಯನವರಿಗೆ ಹೊಳೆ. ನೀರು ಬಂದರೆ ಸಾಲದ ವಹಿ ತೊಳೆದುಹೋಗುತ್ತದೆ, ಲೆಕ್ಕ ನೋಡುವ ಗೋಜಿಲ್ಲ!

ನೀರಿನ ಮಾತು ಬಂದುದರಿಂದ, ನಮ್ಮ ಜಿಲ್ಲೆಯದೇ ಆದ ‘ಸೈರಾಟ’ (2016). ದಿಗ್ದರ್ಶಕ ನಾಗರಾಜ ಮಂಜುಳೆ ಕರಮಾಳೆ ತಾಲೂಕಿನ ಜೇವೂರಿನವರು. ನಾಯಿಕೆ ರಿಂಕೂ ರಾಜಗುರು ಅಕಲೂಜದವರು. ಚಿತ್ರದ ಬಹುಭಾಗವು ಕರಮಾಳೆಯ ಸುತ್ತಣ ನೆಲ. ಉಜನಿಯಿಂದ ಕೆಳಗೆ ಹರಿದು ನಮ್ಮ ಗಡಿಯನ್ನು ಮುಟ್ಟುವ ಭೀಮೆಯ ಸೀಮೆ ಅದು. ಎಲ್ಲರೂ ಇದನ್ನು ಪ್ರೇಮಕಥೆಯೆಂದೇ ಕರೆಯುತ್ತಾರೆ. ಪಾಟೀಲರ ಮಗಳು ಆರ್ಚಿ, ಮೀನುಗಾರನ ಮಗ ಪರಶ್ಯಾ. ನಮಗೆ ಅದರ ಗೆಳೆತನದ ಭಾಗವೇ ಹೆಚ್ಚು ಗಟ್ಟಿಯೆನಿಸಿತು. ಪರಶ್ಯಾನ ಬೆನ್ನಿಗೆ ನಿಂತವರು ಇಬ್ಬರು: ಕಾಲು ಸೊಟ್ಟಗಿರುವ ಪ್ರದೀಪ, ಮತ್ತು ಸಲೀಮ. ಈ ಮೂವರು ತಮ್ಮ ಗೆಳೆತನವನ್ನು ಎಲ್ಲಿಯೂ ಸಾರಿ ಹೇಳುವದಿಲ್ಲ; ಪ್ರೇಮಿಗಳು ಓಡುವಾಗ ಏಟು ತಿನ್ನುವದು ಮಾತ್ರ ಇವರ ಪಾಲಿಗೆ. ಕಥೆ ಹೈದರಾಬಾದಿಗೆ ಸರಿದ ಮೇಲೆ ದಿಗ್ದರ್ಶಕರು ಇವರನ್ನು ಹಿಂದಕ್ಕೆ ತಳ್ಳಿದ್ದು ನಮಗೆ ಸರಿಬೀಳಲಿಲ್ಲ.

ಶಿಕ್ಷಕ ಬಂಧುಗಳು ಈ ಚಿತ್ರದ ಎರಡು ಸಂಗತಿಗಳನ್ನು ಅವಶ್ಯ ಗಮನಿಸಬೇಕು. ಒಂದು, ಪಾಟೀಲರ ಮಗನು ತರಗತಿಯಲ್ಲಿ ಪಾಠ ಹೇಳುವ ಗುರುವಿನ ಕೆನ್ನೆಗೆ ಹೊಡೆಯುವ ದೃಶ್ಯ. ಮಾತು ಯಾರ ಕೈಯಲ್ಲಿದೆ ಎಂಬದನ್ನು ಆ ಒಂದು ಏಟು ಹೇಳಿಬಿಡುತ್ತದೆ. ಇನ್ನೊಂದು, ಆರ್ಚಿಯ ಮಾತು. ಊರಲ್ಲಿದ್ದಾಗ ಅವಳು ಬುಲೆಟ್ ಗಾಡಿಯ ಮೇಲೆ ತಿರುಗುವವಳು. ಮರಾಠಿಯಲ್ಲಿ ಹೇಳಿದ್ದು ತಿಳಿಯದಿದ್ದರೆ ಇಂಗ್ಲೀಷಿನಲ್ಲಿ ಹೇಳಲೇ ಎಂದು ಎದುರಿನವರನ್ನು ಗದರಿಸುವವಳು. ಹೈದರಾಬಾದಿನಲ್ಲಿ ಅವಳ ಮರಾಠಿಯೂ ನಡೆಯದು, ಇಂಗ್ಲೀಷೂ ನಡೆಯದು. ಮೊದಲು ಕೈಹಿಡಿಯುವ ಸುಮನ ಅಕ್ಕ ದೋಸೆ ಅಂಗಡಿಯವಳು, ಗುಡಿಸಲಿನವಳು. ಆದರೆ ಮರಾಠಿ ಬಲ್ಲವಳು. ಮುಂದೆ ಬಾಟಲಿ ತುಂಬುವ ಕಾರ್ಖಾನೆಯಲ್ಲಿ, ಎರಡೂ ಭಾಷೆ ತಿಳಿದ ಸಹಕೆಲಸಗಾರ್ತಿಯ ನೆರವಿನಿಂದ ಆರ್ಚಿ ತೆಲುಗು ಕಲಿಯತೊಡಗುತ್ತಾಳೆ. ಗದ್ದಲವಿಲ್ಲದ ಈ ಭಾಗದಲ್ಲಿ ಪ್ರೇಕ್ಷಕರು ಶೀಟಿ ಹೊಡೆಯುವದಿಲ್ಲ. ಆದರೆ ಮೇಲಿನವಳೊಬ್ಬಳು ಕೆಳಗಿನವರ ಮಾತನ್ನು ಅಕ್ಷರಶಃ ಬಾಯಿ ತೊದಲಿಸಿ ಕಲಿಯುವದನ್ನು ತೋರಿಸಿದ ಚಿತ್ರಗಳು ನಮಗೆ ಬಹಳ ಕಾಣವು. (ಮುಂದಿನ ವರ್ಷ ಎಸ್. ನಾರಾಯಣರು ‘ಮನಸು ಮಲ್ಲಿಗೆ’ ಎಂದು ಇದನ್ನು ಕನ್ನಡಕ್ಕೆ ತಂದರು, ಅದೇ ನಾಯಿಕೆಯನ್ನಿಟ್ಟುಕೊಂಡು. ನಮ್ಮ ಭಾಗದ ಕನ್ನಡಿಗರಿಗೆ ಅದರ ಅವಶ್ಯಕತೆ ಇರಲಿಲ್ಲ. ಮೂಲವು ನಮಗೆ ತಿಳಿದಿತ್ತು.)

ಎಲ್ಲಕ್ಕಿಂತ ಮೊದಲು ಹೇಳಬೇಕಾದುದನ್ನು ಬೇಕೆಂತಲೇ ಕಡೆಗೆ ಉಳಿಸಿಕೊಂಡಿದ್ದೇವೆ. ಡಾಕ್ಟರ ದ್ವಾರಕಾನಾಥ ಕೋಟಣೀಸರು 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಅಲ್ಲಿಯೇ 1942ರ ಡಿಸೆಂಬರ 9ರಂದು, 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಖ್ವಾಜಾ ಅಹಮದ ಅಬ್ಬಾಸರು ಅವರ ಮೇಲೆ ಬರೆದ ಪುಸ್ತಕವನ್ನು ಆಧರಿಸಿ ಶಾಂತಾರಾಮರು 1946ರಲ್ಲಿ ‘ಡಾಕ್ಟರ ಕೋಟನೀಸ ಕೀ ಅಮರ ಕಹಾನೀ’ ತೆಗೆದರು. ಕೋಟಣೀಸರ ಪಾತ್ರವನ್ನು ತಾವೇ ವಹಿಸಿದರು. ಚೀನೀ ಪತ್ನಿ ಚಿಂಗ್‌ಲಾನಳಾಗಿ ಜಯಶ್ರೀ. ಸಂಗೀತ ವಸಂತ ದೇಸಾಯಿಯವರದು.

ಚಿತ್ರವು ದೊಡ್ಡ ಮನಸ್ಸಿನದು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವರ್ಷವಿದ್ದಾಗ, ಪರದೇಶದ ನೋವಿಗೆ ನಮ್ಮವನೊಬ್ಬನು ಓಗೊಟ್ಟ ಕಥೆಯನ್ನು ಅದು ಜನರ ಮುಂದಿಟ್ಟಿತು. ಆದರೆ ನಮ್ಮ ಒರೆಗಲ್ಲಿಗೆ ತಿಕ್ಕಿದಾಗ ಒಂದು ಕೊರತೆ ಕಾಣುತ್ತದೆ. ಅಲ್ಲಿಯ ಚೀನೀಯರು ಬಹುಮಟ್ಟಿಗೆ ಹಿಂದಿಯಲ್ಲೇ ಮಾತಾಡುತ್ತಾರೆ, ಪ್ರೀತಿಸುತ್ತಾರೆ, ಹಾಡುತ್ತಾರೆ. ಮುಂಬಯಿಯ ಪ್ರೇಕ್ಷಕನಿಗೆ ತಿಳಿಯಬೇಕಲ್ಲ ಎಂಬ ಸಮಾಧಾನವನ್ನು ನಾವು ಒಪ್ಪುತ್ತೇವೆ. ಒಪ್ಪಿಯೂ ಹೇಳಬೇಕಾಗುತ್ತದೆ: ಕೋಟಣೀಸರ ಬಾಳಿನ ಅತಿ ಕಷ್ಟದ ಸಾಧನೆಯು ಹೀಗೆ ಪರದೆಯಿಂದ ಅಳಿಸಿಹೋಯಿತು. ಅವರು ಚೀನೀ ಭಾಷೆಯನ್ನು ಕಲಿತರು. ಆ ಭಾಷೆಯಲ್ಲಿಯೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1939ರಲ್ಲಿ ತೀರಿಕೊಂಡ ಕೆನಡಾದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದರು. ಚೀನೀಯರು ಅವರಿಗೆ ಕ ದಿಹುವಾ ಎಂದು ತಮ್ಮದೊಂದು ಹೆಸರನ್ನೇ ಕೊಟ್ಟರು. ಮೂವತ್ತರ ಹರೆಯದ ಸೊಲ್ಲಾಪುರದ ವೈದ್ಯನೊಬ್ಬನು ಮೊದಲ ತರಗತಿಯ ಕೂಸಿನಂತೆ ಅಪರಿಚಿತ ಲಿಪಿಯನ್ನು ತಿದ್ದುತ್ತ ಕುಳಿತದ್ದು ಎಂಥ ದೃಶ್ಯವಾಗಬಹುದಿತ್ತು! ಪ್ಲೇಗು, ಬಾಂಬು, ಸೆರೆಗಳನ್ನು ತೋರಿಸಲು ಉತ್ಸಾಹಪಟ್ಟ ಚಿತ್ರಕಥೆಗೆ ಒಂದು ಸ್ಲೇಟಿಗೆ ಸ್ಥಳವಿರಲಿಲ್ಲ. ನಿತ್ಯವೂ ತೊದಲುವ ಮಕ್ಕಳ ಎದುರಿಗೆ ನಿಲ್ಲುವ ನಮ್ಮ ಮಾಸ್ತರರಿಗೆ ಈ ಲೋಪವು ಬೇರೆಯವರಿಗಿಂತ ಹೆಚ್ಚು ಚುಚ್ಚುವದು.

ಚಿತ್ರದ ಕೊನೆಯ ಭಾಗವನ್ನು ನೋಡಿದವರು ಮರೆಯಲಾರರು. ಸಾಯುವ ವೈದ್ಯನ ದನಿಯು ಹೆಂಡತಿಗೆ ತನ್ನ ಊರಿನ, ತನ್ನ ಮನೆಯ ವರ್ಣನೆ ಮಾಡುತ್ತದೆ. ಅವಳು ಮಗುವನ್ನೆತ್ತಿಕೊಂಡು ಆ ಮನೆಗೆ ಬಂದು ಸೇರುತ್ತಾಳೆ. ಇದು ಶಾಂತಾರಾಮರ ಅತ್ಯಂತ ಮೃದುವಾದ ದೃಶ್ಯಗಳಲ್ಲೊಂದು. ನಿಜ ಜೀವನದ ಗುವೋ ಚಿಂಗ್‌ಲಾನರು ಚೀನದಲ್ಲಿಯೇ ಉಳಿದರು. ಚಿತ್ರವು ಬಂದಾಗ ಮಗ ಯಿನ್‌ಹುವಾನಿಗೆ ನಾಲ್ಕು ವರ್ಷ. ಆ ಹೆಸರಿನಲ್ಲಿ ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ. ಆ ಮಗನು 1967ರಲ್ಲಿ ತೀರಿಕೊಂಡನು. ತಾಯಿ ಪತಿಯ ಬಂಧುಗಳನ್ನು ಕಾಣಲು ಹಲವು ಸಲ ಭಾರತಕ್ಕೆ ಅತಿಥಿಯಾಗಿ ಬಂದು ಮರಳಿದರು. 2012ರಲ್ಲಿ ಚೀನದಲ್ಲಿಯೇ ನಿಧನರಾದರು. ಶಾಂತಾರಾಮರ ಕ್ಯಾಮರಾ ಅವರನ್ನು 1946ರಲ್ಲಿ ನಮ್ಮೂರಿನ ಬಾಗಿಲಿಗೆ ತಂದು ನಿಲ್ಲಿಸಿದಾಗ, ಆ ಮನೆಯಲ್ಲಿ ಅವರನ್ನು ಅವರ ಮಾತಿನಲ್ಲಿ ಒಳಗೆ ಕರೆಯಬಲ್ಲವನು ಒಬ್ಬನೇ ಇದ್ದನು, ಅವನು ತೀರಿಹೋಗಿದ್ದನು.