ಹಾರ್ಟ್ಲಿ ಹಾಲಿನ ಎರಡು ಬಾಗಿಲು

ಏಪ್ರಿಲ್ 14 ಬಂತೆಂದರೆ ನಮ್ಮ ಹಾಸ್ಟೆಲುಗಳಲ್ಲಿ ಒಂದು ಭಾಷಣ ತಪ್ಪುವುದಿಲ್ಲ. ವೇದಿಕೆ ಮೇಲೆ ನಿಂತ ಮುಖ್ಯ ಅತಿಥಿಗಳು, 'ಬಾಬಾಸಾಹೇಬರು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ನೀವೂ ಹಾಗೇ ಓದಬೇಕು' ಅನ್ನುತ್ತಾರೆ. ಕೆಳಗೆ ಕೂತ ಹುಡುಗರು ಚಪ್ಪಾಳೆ ಹೊಡೀತಾರೆ. ಭಾಷಣ ಮುಗಿದ ಮೇಲೆ ಅದೇ ತಟ್ಟೆ ಹಿಡಿದು, ಅದೇ ನೀರುಸಾರಿಗೆ ಸಾಲು ನಿಲ್ಲುತ್ತಾರೆ. ಕೊಲಂಬಿಯಾ ಯಾರಿಗೆ ಬಾಗಿಲು ತೆಗೆಯಿತು, ಯಾರಿಗೆ ಹಾಕಿತು, ದುಡ್ಡು ಕೊಟ್ಟವರು ಯಾರು ಅನ್ನುವುದನ್ನು ಆ ಭಾಷಣ ಹೇಳುವುದೂ ಇಲ್ಲ, ಹುಡುಗರು ಕೇಳುವುದೂ ಇಲ್ಲ.

ಇದನ್ನು ಕೇಳಿಕೊಳ್ಳಬೇಕಾದರೆ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಬೇಕು. ಒಂದು, ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದಲ್ಲಿ ಬರೆದದ್ದು, ಅವರು ತೀರಿಕೊಂಡು ಮೂರು ದಶಕ ಕಳೆದು 1990ರಲ್ಲಿ ಪುಸ್ತಕವಾಯಿತು. ಇನ್ನೊಂದು, ಅಮೆರಿಕಾದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನ ಆತ್ಮಕಥೆ 'ದಿ ಬಿಗ್ ಸೀ', 1940ರದ್ದು. ಇಬ್ಬರೂ ಓದಿದ್ದು ಅದೇ ನ್ಯೂಯಾರ್ಕಿನ ಅದೇ ಕೊಲಂಬಿಯಾದಲ್ಲಿ. ಒಬ್ಬರು 1913ರಿಂದ 1916ರವರೆಗೆ, ಇನ್ನೊಬ್ಬ 1921ರಿಂದ ಒಂದೇ ವರ್ಷ. ನಡುವಿನ ಅಂತರ ಐದು ವರ್ಷ ಮಾತ್ರ. ಇಬ್ಬರೂ ಮೊದಲು ಇಳಿದುಕೊಂಡದ್ದು ಹಾರ್ಟ್ಲಿ ಹಾಲ್ ಅನ್ನುವ ಒಂದೇ ಹಾಸ್ಟೆಲಿನಲ್ಲಿ. ಆದರೆ ಆ ಹಾಸ್ಟೆಲಿಗೆ ಎರಡು ಬಾಗಿಲಿತ್ತು.

ಬಾಬಾಸಾಹೇಬರು ಅಲ್ಲಿಗೆ ಹೋದದ್ದು ಅಪ್ಪನ ದುಡ್ಡಿನಿಂದಲ್ಲ. ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡ್ ಮೂರು ವರ್ಷಕ್ಕೆ ತಿಂಗಳಿಗೆ ಹನ್ನೊಂದೂವರೆ ಪೌಂಡು ವಿದ್ಯಾರ್ಥಿವೇತನ ಕೊಟ್ಟರು. ಬದಲಿಗೆ ಓದು ಮುಗಿಸಿ ಹತ್ತು ವರ್ಷ ಬರೋಡಾ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು. ಹಾರ್ಟ್ಲಿ ಹಾಲಿನ ಊಟ ಹಿಡಿಸದೆ ಅವರು ವಾರದಲ್ಲೇ ಅಲ್ಲಿಂದ ಹೊರಟರು ಅಂತ ಧನಂಜಯ ಕೀರ್ ಬರೆದ ಜೀವನಚರಿತ್ರೆ ಹೇಳುತ್ತದೆ. ಈ ಮಾತನ್ನು ಸ್ವಲ್ಪ ನಿಂತು ನೋಡಿ. ಊಟ ಹಿಡಿಸಲಿಲ್ಲ, ಆದ್ದರಿಂದ ಹೊರಟರು. ಯಾರೂ ಹೊರಗೆ ಹಾಕಲಿಲ್ಲ. ಬರೋಡಾದಲ್ಲಿ ಈ ಸ್ವಾತಂತ್ರ್ಯ ಅವರಿಗೆ ಸಿಗಲಿಲ್ಲ.

ಹ್ಯೂಸ್‌ನ ಕಥೆ ಬೇರೆ. ಅವನ ಅಪ್ಪ ಅಮೆರಿಕಾದ ವರ್ಣದ್ವೇಷಕ್ಕೆ ಬೇಸತ್ತು ಮೆಕ್ಸಿಕೋದಲ್ಲಿ ನೆಲೆ ನಿಂತವನು, ಹಣವಂತ. ಮಗ ಇಂಜಿನಿಯರಾಗಲಿ ಅಂತ ಕೊಲಂಬಿಯಾದ ಫೀಸು ಕಟ್ಟಿದ. ಮಗ ಮೆಕ್ಸಿಕೋದಿಂದಲೇ ಕಾಗದ ಬರೆದು ರೂಮು ಗೊತ್ತು ಮಾಡಿಕೊಂಡಿದ್ದ. ಎದುರಿಗೆ ಹೋಗಿ ನಿಂತಾಗ ಆಫೀಸಿನವರು ಅವನ ಮೈಬಣ್ಣ ನೋಡಿದರು. ರೂಮು ಖಾಲಿ ಇಲ್ಲ ಅಂದರು. ಮೆಕ್ಸಿಕೋದಿಂದ ಬಂದ ಕಾಗದ ನೋಡಿ ಅವನೊಬ್ಬ ಮೆಕ್ಸಿಕನ್ ಅಂದುಕೊಂಡಿದ್ದರು. ವಾದ ಮಾಡಿದ ಮೇಲೆ ರೂಮು ಸಿಕ್ಕಿತು. ಆಮೇಲೆ ವಿದ್ಯಾರ್ಥಿಗಳ ಪತ್ರಿಕೆಗೆ ಬರೀತೀನಿ ಅಂತ ಹೋದರೆ, ಬಿಳಿ ಹುಡುಗರ ಕ್ಲಬ್ಬು ಪಾರ್ಟಿಗಳ ಸುದ್ದಿ ತರುವ ಕೆಲಸ ಹಚ್ಚಿದರು. ಆ ಕ್ಲಬ್ಬುಗಳ ಹೊಸಿಲನ್ನು ಕಪ್ಪು ಹುಡುಗ ದಾಟುವ ಹಾಗಿರಲಿಲ್ಲ! 'ನಿನಗೆ ಕೆಲಸ ಕೊಡುವುದಿಲ್ಲ' ಅನ್ನದೆ, ಮಾಡಲಾಗದ ಕೆಲಸ ಕೊಟ್ಟು ಓಡಿಸುವ ಈ ವಿದ್ಯೆ ನಮ್ಮ ಆಫೀಸುಗಳಲ್ಲಿ ದುಡಿದವರಿಗೆ ಹೊಸದೇನಲ್ಲ. ಒಂದು ವರ್ಷಕ್ಕೇ ಹ್ಯೂಸ್ ಕೊಲಂಬಿಯಾ ಬಿಟ್ಟ.

ಅದೇ ಕೊಲಂಬಿಯಾ ಬಾಬಾಸಾಹೇಬರಿಗೆ ಏನು ಕೊಟ್ಟಿತು? ಜಾನ್ ಡ್ಯೂಯಿ, ಸೆಲಿಗ್‌ಮನ್‌ರಂಥ ಗುರುಗಳನ್ನು ಕೊಟ್ಟಿತು. 1916ರ ಮೇ 9ರಂದು ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ, ಭಾರತದ ಜಾತಿಗಳು ಹುಟ್ಟಿದ್ದು ಹೇಗೆ ಅನ್ನುವ ಪ್ರಬಂಧ ಓದಲು ಜಾಗ ಕೊಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮರೆವು ಕೊಟ್ಟಿತು. ಪರದೇಶದ ಆ ವರ್ಷಗಳು ತಾನು ಅಸ್ಪೃಶ್ಯ ಎಂಬುದನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು ಅಂತ ಅವರೇ ಬರೆಯುತ್ತಾರೆ. 1917ರಲ್ಲಿ ಕರಾರಿನ ಪ್ರಕಾರ ಬರೋಡಾಕ್ಕೆ ಬಂದರೆ, ಇಳಿದುಕೊಳ್ಳಲು ಒಂದು ಕೋಣೆ ಇಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದರು. ಸ್ನೇಹಿತರನ್ನು ಕೇಳಿದರೆ ಅವರಿಗೊಂದು ನೆಪ. ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿ ಬೊಂಬಾಯಿ ರೈಲು ಹತ್ತಿದರು.

ಈ ಪುಸ್ತಕದ ಬರವಣಿಗೆಯಲ್ಲಿ ಅಳು ಇಲ್ಲ, ಅಲಂಕಾರವಿಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತ ಸಾಕ್ಷಿಯ ಹಾಗೆ ನಡೆದದ್ದು ಇಷ್ಟು ಅನ್ನುತ್ತದೆ. ಅಮೆರಿಕಾದ ಬದುಕಿನ ಬಗ್ಗೆ ಅದರಲ್ಲಿ ಬರುವುದು ಮಾತ್ರ ಅಷ್ಟಕ್ಕಷ್ಟೆ. ಅದು ಬರುವುದೂ ಬರೋಡಾದ ಕತ್ತಲೆ ಎಷ್ಟು ದಟ್ಟ ಅಂತ ತೋರಿಸುವ ಬೆಳಕಾಗಿ. ಪುಸ್ತಕ ವಿದೇಶೀಯರಿಗೆ ಅಸ್ಪೃಶ್ಯತೆ ಏನೆಂದು ತಿಳಿಸಲಿಕ್ಕೆ ಬರೆದದ್ದು. ಆ ಉದ್ದೇಶಕ್ಕೆ ಅದು ಸರಿಯೇ.

ತಪ್ಪು ಮಾಡಿದವರು ನಾವು, ಓದುಗರು. ಬರೋಡಾದ ಮೇಲೆ ಬರೆದ ಸಾಕ್ಷಿಯನ್ನು ಅಮೆರಿಕಾಕ್ಕೆ ಕೊಟ್ಟ ಸರ್ಟಿಫಿಕೇಟು ಅಂತ ಓದಿಕೊಂಡೆವು. 'ನೋಡಿ, ಬಿಳಿಯರ ದೇಶದಲ್ಲಿ ಸಮಾನತೆ ಇತ್ತು' ಅಂದೆವು. ಇತ್ತೇ? ಹಾರ್ಟ್ಲಿ ಹಾಲಿನ ಮೇಜಿನ ಹಿಂದೆ ಕೂತಿದ್ದವನಿಗೆ ಮಹಾರ್ ಅಂದರೆ ಏನೂ ಅಂತ ಗೊತ್ತಿರಲಿಲ್ಲ. ಅವನ ಕಣ್ಣಿಗೆ ಬಾಬಾಸಾಹೇಬರು ಹಿಂದೂಸ್ತಾನದಿಂದ ಬಂದ ಒಬ್ಬ ವಿದ್ಯಾರ್ಥಿ, ಅಷ್ಟೆ. ಅವನಿಗೆ ಯಾರನ್ನು ದೂರ ಇಡಬೇಕೋ ಅವರ ಗುರುತು ಮಾತ್ರ ಚೆನ್ನಾಗಿ ಗೊತ್ತಿತ್ತು. ನಮ್ಮವರಿಗೆ ಅಲ್ಲಿ ಸಿಕ್ಕಿದ್ದು ಗುರುತು ಸಿಗದವನ ಬಿಡುಗಡೆ. ಅದೂ ಬಿಡುಗಡೆಯೇ, ಅದರ ಬೆಲೆ ಕಡಿಮೆಯಲ್ಲ. ಆ ಗಾಳಿ ಉಸಿರಾಡಿದ್ದರಿಂದಲೇ ಅವರಿಗೆ ಜಾತಿಯನ್ನು ಹೊರಗೆ ನಿಂತು ನೋಡಲು ಆಯಿತು. ಆದರೆ ಅದು ನ್ಯಾಯವಲ್ಲ. ಅದೇ ಬಾಗಿಲಲ್ಲಿ ಇನ್ನೊಬ್ಬನನ್ನು ತಡೆದು ನಿಲ್ಲಿಸುವುದು ನ್ಯಾಯ ಹೇಗಾದೀತು?

'ದಿ ಬಿಗ್ ಸೀ'ಗೂ ಒಂದು ಮಿತಿ ಇದೆ. ಹ್ಯೂಸ್ ಎಲ್ಲವನ್ನೂ ನಗುತ್ತಾ ಹೇಳುತ್ತಾನೆ. ಓದುವಾಗ ನಮಗೂ ನಗು ಬಂದು, ಕೆಲವು ಕಡೆ ಪೆಟ್ಟಿನ ನೋವು ಜಾರಿಹೋಗುತ್ತದೆ. ಅವನ ಪುಸ್ತಕ ಶುರುವಾಗುವುದು, ಹಡಗಿನ ಕೂಲಿಯಾಗಿ ಹೊರಟವನು ತನ್ನ ಪುಸ್ತಕಗಳನ್ನೆಲ್ಲ ಸಮುದ್ರಕ್ಕೆ ಎಸೆಯುವುದರಿಂದ. ಇತ್ತ 1917ರಲ್ಲಿ ಬಾಬಾಸಾಹೇಬರ ಪುಸ್ತಕಗಳನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಒಬ್ಬನಿಗೆ ಓದು ಹೊರೆಯಾಗಿ ಎಸೆದ. ಇನ್ನೊಬ್ಬರು ಕಳೆದುಕೊಂಡದ್ದಕ್ಕೆ ಮತ್ತೆ ಪೈಸೆ ಪೈಸೆ ಕೂಡಿಸಿ ಕೊಂಡರು. ಇದರಲ್ಲಿ ಯಾರು ಹೆಚ್ಚು ಯಾರು ಕಡಿಮೆ ಅಂತ ತೂಗಬೇಡಿ. ಅವಮಾನ ಮಾಡಿದ ಮನೆಯ ಪುಸ್ತಕ ಎಸೆಯುವುದೂ ಬಂಡಾಯವೇ, ಆ ಪುಸ್ತಕವನ್ನೇ ಆಯುಧ ಮಾಡಿಕೊಳ್ಳುವುದೂ ಬಂಡಾಯವೇ.

ಈ ಎರಡು ದಾರಿ ಕಡೆಗೆ ಒಂದೇ ಮೇಜಿನ ಹತ್ತಿರ ಬಂದು ಕೂಡುತ್ತವೆ. ಹ್ಯೂಸ್‌ನ ನದಿಗಳ ಕವಿತೆ 1921ರಲ್ಲಿ ಅಚ್ಚಾದದ್ದು ಡು ಬಾಯ್ಸ್ ಸಂಪಾದಿಸುತ್ತಿದ್ದ 'ಕ್ರೈಸಿಸ್' ಪತ್ರಿಕೆಯಲ್ಲಿ. ಅದೇ ಡು ಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಅಮೆರಿಕಾದ ಕಪ್ಪು ಜನರ ಸ್ಥಿತಿಗೂ ನಮ್ಮ ಸ್ಥಿತಿಗೂ ಇರುವ ಹೋಲಿಕೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಭಾಷಣಕಾರರಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಕೊಲಂಬಿಯಾ ಇರುವುದು ದಿಬ್ಬದ ಮೇಲೆ, ಕಪ್ಪು ಜನರ ಹಾರ್ಲೆಮ್ ಇರುವುದು ಕೆಳಗೆ. ನಡುವೆ ಒಂದು ಪಾರ್ಕು. ಊರು ಮೇಲೆ, ಕೇರಿ ಕೆಳಗೆ! ಆ ಪಾರ್ಕಿನಲ್ಲಿ ವಿಶ್ವವಿದ್ಯಾಲಯ ವ್ಯಾಯಾಮಶಾಲೆ ಕಟ್ಟಲು ಹೊರಟಿತು. ವಿದ್ಯಾರ್ಥಿಗಳಿಗೆ ಮೇಲಿನ ಬಾಗಿಲು, ಹಾರ್ಲೆಮ್ ಜನಕ್ಕೆ ಕೆಳಗಿನ ಬಾಗಿಲು, ಜಾಗವೂ ಒಂದು ಚೂರು. 1968ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಇದರ ವಿರುದ್ಧವೂ, ವಿಯೆಟ್ನಾಂ ಯುದ್ಧದ ವಿರುದ್ಧವೂ ಎದ್ದು ಕಟ್ಟಡಗಳನ್ನು ಹಿಡಿದರು. ಪೋಲೀಸರು ಏಳುನೂರಕ್ಕೂ ಹೆಚ್ಚು ಜನರನ್ನು ಎಳೆದೊಯ್ದರು. ಆದರೂ ಆ ವ್ಯಾಯಾಮಶಾಲೆ ಅಲ್ಲಿ ಏಳಲಿಲ್ಲ. ದೊಡ್ಡವರ ವಿಶ್ವವಿದ್ಯಾಲಯಕ್ಕೂ ಎರಡು ಬಾಗಿಲಿನ ಚಟ ಬಿಡಿಸಬಹುದು ಅಂತ ಅಲ್ಲಿನ ಹುಡುಗರು ತೋರಿಸಿಕೊಟ್ಟರು.

ಇವತ್ತು ಕೊಲಂಬಿಯಾದ ಗ್ರಂಥಾಲಯದಲ್ಲಿ ಬಾಬಾಸಾಹೇಬರ ಪ್ರತಿಮೆ ಇದೆ. ಅಲ್ಲಿನ ಪದವಿ ಓದಿಗೆ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 60,000 ಡಾಲರ್ ಮೀರಿದೆ. ನಮ್ಮ ಕೇರಿಯ ಹುಡುಗಿ ಅಲ್ಲಿಗೆ ಹೋಗಬೇಕಾದರೆ ಸರ್ಕಾರದ ವಿದ್ಯಾರ್ಥಿವೇತನವೇ ಗತಿ. ಕೇಂದ್ರ ಸರ್ಕಾರ 2022ರಲ್ಲಿ ಆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ತಿದ್ದಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ, ಇಂಥ ವಿಷಯಗಳಿಗೆ ಹಣ ಇಲ್ಲ ಅಂದಿತು. ಅಂದರೆ, 1916ರಲ್ಲಿ ಬಾಬಾಸಾಹೇಬರು ಓದಿದ ಆ ಪ್ರಬಂಧದ ವಿಷಯವನ್ನೇ ಹಿಡಿದು ಹೊರಟವಳಿಗೆ ಹಣವಿಲ್ಲ! ಒಬ್ಬ ಮಹಾರಾಜ ಹಾಕದ ಷರತ್ತನ್ನು ಪ್ರಜಾಪ್ರಭುತ್ವದ ಸರ್ಕಾರ ಹಾಕಿತು. ಪ್ರತಿಮೆಗೆ ಹಾರ, ಪ್ರಬಂಧಕ್ಕೆ ಬೀಗ.

ಇಲ್ಲಿ, ಬೆಂಗಳೂರಿನ ಸುತ್ತ ಗಾಜಿನ ಗೋಡೆಯ ಖಾಸಗಿ ವಿಶ್ವವಿದ್ಯಾಲಯಗಳು ಎದ್ದಿವೆ. ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ತರಬಹುದೆಂಬ ಸಂವಿಧಾನದ 15(5)ನೇ ವಿಧಿಯನ್ನು ಸುಪ್ರೀಂ ಕೋರ್ಟು 2014ರಲ್ಲೇ ಎತ್ತಿಹಿಡಿಯಿತು. ಹಾಗಿದ್ದರೂ ಆ ಗೇಟಿನ ಒಳಗೆ ಕಸ ಗುಡಿಸಲು ಹೋಗುವ ನಮ್ಮ ಹೆಂಗಸರೆಷ್ಟು, ಪಾಠ ಕೇಳಲು ಹೋಗುವ ಅವರ ಮಕ್ಕಳೆಷ್ಟು? ಒಳಗೆ ಹೋದವರಿಗೂ ಗುರುತು ಸಿಗದ ಭಾಗ್ಯ ಇಲ್ಲಿಲ್ಲ. ಹೆಸರು ಕೇಳಿ, ಊರು ಕೇಳಿ, ಸಿಇಟಿ ರ್ಯಾಂಕು ಕೇಳಿ, ಮೂರನೇ ಪ್ರಶ್ನೆಗೆ ಜಾತಿ ಹಿಡಿದುಬಿಡುತ್ತಾರೆ.

ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಮಾತು. ಮುಂದಿನ ಏಪ್ರಿಲ್ 14ಕ್ಕೆ ಕೊಲಂಬಿಯಾದ ಹೆಸರು ಹೇಳುವಾಗ ಎರಡು ಬಾಗಿಲಿನ ಕಥೆಯನ್ನೂ ಹೇಳಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕಥೆ ನೀವು ಬರೆಯಿರಿ. ಫೀಸಿನ ರಸೀತಿ, ಹಾಸ್ಟೆಲಿನ ರೂಮು, ಇಂಗ್ಲಿಷಿನ ಮುಂದೆ ಒಣಗಿದ ಗಂಟಲು, ಎಲ್ಲ ಬರಲಿ. ಅತ್ತು ಬರೆಯಬೇಡಿ, ಬರೀ ನಕ್ಕು ಜಾರಿಸಲೂ ಬೇಡಿ. ಸಾಕ್ಷಿ ಹೇಳುವ ಹಾಗೆ, ತಾರೀಖು ಹಾಕಿ ಬರೆಯಿರಿ. ಬಾಗಿಲು ಹಾಕಿದವರು ಯಾರೆಂದು ನಾಳೆ ಕೇಳುವವರಿಗೆ ಅದು ಬೇಕಾಗುತ್ತದೆ.