ಸುಂಕದ ಕಟ್ಟೆಯೂ ಇಂಗ್ಲಿಷ್ ಕಾದಂಬರಿಯೂ

ಬ್ರಿಟನ್ನು ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ 2016ನೆಯ ಇಸವಿ ಜೂನ್ 23ರಂದು ಮತವಿತ್ತವರಲ್ಲಿ ನೂರಕ್ಕೆ 51.9ರಷ್ಟು ಜನ ಬಿಡಬೇಕೆಂದು ಉತ್ತರವಿತ್ತರು. ಈ ತೀರ್ಪಿನ ಸುತ್ತ ಇಂಗ್ಲಿಷಿನಲ್ಲಿ ಬೆಳೆದ ಕಥನಸಾಹಿತ್ಯಕ್ಕೆ ವಿಮರ್ಶಕರು 'ಬ್ರೆಕ್ಸ್‌ಲಿಟ್' ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಬೇಗ ಬಂದಿತು. ಹೆಸರಿಗೆ ತಕ್ಕ ವಸ್ತು ಬಂದಿದೆಯೇ ಎಂಬುದು ವಿಚಾರಣೀಯ. ಅಲಿ ಸ್ಮಿತ್ ಅವರ 'ಆಟಮ್' (2016), ಜೊನಾಥನ್ ಕೋ ಅವರ 'ಮಿಡ್ಲ್ ಇಂಗ್ಲೆಂಡ್' (2018), ಇಯನ್ ಮೆಕ್‌ಯುವನ್ ಅವರ 'ದಿ ಕಾಕ್‌ರೋಚ್' (2019), ಮತ್ತೆ ಕೋ ಅವರದೇ 'ಬೋರ್ನ್‌ವಿಲ್' (2022), ಈ ನಾಲ್ಕು ಕೃತಿಗಳನ್ನು ಎದುರಿಗಿಟ್ಟುಕೊಂಡು ಆ ವಿಚಾರಕ್ಕೆ ತೊಡಗಬಹುದು.

ಮೊದಲು ವಸ್ತುವಿನ ಸ್ವರೂಪವನ್ನೇ ನೋಡಬೇಕು. ವ್ಯಾಪಾರದ ಕೂಟವೊಂದನ್ನು ಬಿಡುವುದು ಬಾಗಿಲು ತೆಗೆದು ಹೊರಗೆ ಹೆಜ್ಜೆಯಿಟ್ಟಂತಹ ಒಂದೇ ಕ್ಷಣದ ಕ್ರಿಯೆಯಲ್ಲ. ಬ್ರಿಟನ್ನು ಕೂಟವನ್ನು ಸೇರಿದ್ದು 1973ರ ಜನವರಿ 1ರಂದು. ಬಿಡುವ ತೀರ್ಪು 2016ರಲ್ಲಿ ಬಂದರೂ ಶಾಸ್ತ್ರೋಕ್ತವಾಗಿ ಬಿಟ್ಟದ್ದು 2020ರ ಜನವರಿ 31ರಂದು. ಬಿಟ್ಟದ್ದರ ಬಿಸಿ ಬಂದರುಗಳಿಗೆ ತಟ್ಟಿದ್ದು 2021ರ ಜನವರಿ 1ರಿಂದ. 2020ರ ಡಿಸೆಂಬರ್ 30ರಂದು ಸಹಿಯಾದ ಒಪ್ಪಂದದಂತೆ ಎರಡು ಕಡೆಯ ಸರಕಿನ ಮೇಲೂ ಸುಂಕವಿಲ್ಲ, ಪ್ರಮಾಣದ ಮಿತಿಯೂ ಇಲ್ಲ. ಇಷ್ಟನ್ನೇ ಕೇಳಿದವರಿಗೆ, ಹಾಗಾದರೆ ಕೆಟ್ಟದ್ದೇನು ಎನಿಸುವುದು ಸಹಜ. ಆದರೆ ಸುಂಕ ಹೋದರೂ ಸುಂಕದ ಕಟ್ಟೆ ಹೋಗಲಿಲ್ಲ. ಇಲ್ಲದಿದ್ದ ಕಟ್ಟೆ ಹೊಸದಾಗಿ ಎದ್ದಿತು. ಸರಕು ತನ್ನ ಹುಟ್ಟೂರನ್ನು ರುಜುವಾತು ಮಾಡಿದರೆ ಮಾತ್ರ ಈ ವಿನಾಯಿತಿ. ಏಷ್ಯದಿಂದ ತರಿಸಿದ ಸಿದ್ಧ ಉಡುಪನ್ನು ಇಂಗ್ಲೆಂಡಿನ ಉಗ್ರಾಣದಲ್ಲಿರಿಸಿ ಡಬ್ಲಿನ್ನಿನ ಅಂಗಡಿಗೆ ಕಳುಹಿಸಿದರೆ ಅದಕ್ಕೆ ಎರಡನೆಯ ಸಲವೂ ಸುಂಕ ಬೀಳಬಹುದು. ಮಾಂಸ, ಮೀನು, ಗಿಣ್ಣು ಮುಂತಾದವಕ್ಕೆ ಆರೋಗ್ಯದ ಪ್ರಮಾಣಪತ್ರ ಬೇಕು. ದೊಡ್ಡ ಸಂಸ್ಥೆ ಇದಕ್ಕಾಗಿ ಗುಮಾಸ್ತರನ್ನು ನೇಮಿಸಿಕೊಳ್ಳುತ್ತದೆ. ವಾರಕ್ಕೆ ಹತ್ತು ಪೆಟ್ಟಿಗೆ ಕಳುಹಿಸುವ ಸಣ್ಣ ವರ್ತಕ ಲೆಕ್ಕ ಹಾಕಿ ನೋಡಿ, ಸದ್ದಿಲ್ಲದೆ ಕಳುಹಿಸುವುದನ್ನೇ ನಿಲ್ಲಿಸುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದನ್ನು ನಮ್ಮ ಗಾದೆ ಎಂದೋ ಅರಿತಿದೆ.

ಬಿಡುವಿಕೆಯಿಂದ ದೇಶದ ಉತ್ಪಾದಕತೆ, ಕಾಲಕ್ರಮದಲ್ಲಿ, ಒಕ್ಕೂಟದಲ್ಲಿ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ನೂರಕ್ಕೆ 4ರಷ್ಟು ಕಡಮೆಯಾಗುವುದೆಂದು ಬ್ರಿಟನ್ನಿನ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಎಂಬ ಸ್ವತಂತ್ರ ಸಂಸ್ಥೆ ಅಂದಾಜು ಮಾಡಿತು. ಈ ವಾಕ್ಯದಲ್ಲಿ 'ಉಳಿದಿದ್ದರೆ' ಎಂಬ ಪದವೇ ಮುಖ್ಯ. ಉಳಿದಿದ್ದ ಆ ಬ್ರಿಟನ್ನು ಭೂಪಟದಲ್ಲಿ ಎಲ್ಲಿಯೂ ಇಲ್ಲ. ಅದು ಗಣಿತಜ್ಞರು ಕಲ್ಪಿಸಿಕೊಂಡ ದೇಶ. ಕಳೆದುಹೋದ ಆ ನಾಲ್ಕು ಭಾಗ ಯಾರ ಮನೆಯ ಬಾಗಿಲಿಗೂ ಬಂದು ತನ್ನ ಹೆಸರು ಹೇಳುವುದಿಲ್ಲ. ಬಾರದೆ ಹೋದ ಸಂಬಳದ ಏರಿಕೆ, ತೆರೆಯದೆ ಹೋದ ಅಂಗಡಿ, ಬರೆಯದೆ ಬಿಟ್ಟ ಬೇಡಿಕೆಯ ಪತ್ರ, ಇವುಗಳಲ್ಲಿ ಅದು ಅಡಗಿರುತ್ತದೆ. ರಾಜಕೀಯದ ಪೆಟ್ಟು ಹೀಗೆ ಮರೆಯಲ್ಲಿ ಬೀಳಲಿಲ್ಲ. ಕ್ಯಾಮರನ್ ತೀರ್ಪಿನ ಮರುದಿನವೇ ರಾಜೀನಾಮೆ ಘೋಷಿಸಿದರು. ಥೆರೇಸಾ ಮೇ 2019ರಲ್ಲಿ ಇದೇ ಕಾರಣಕ್ಕೆ ಇಳಿದರು. ನೂರಕ್ಕೆ 62 ಮಂದಿ ಉಳಿಯಬೇಕೆಂದಿದ್ದ ಸ್ಕಾಟ್ಲೆಂಡಿನಲ್ಲಿ ಪ್ರತ್ಯೇಕತೆಯ ಕೂಗು ಮತ್ತೆ ಎದ್ದಿತು. ಮೇಲೆ ಗದ್ದಲ, ಕೆಳಗೆ ಸದ್ದಿಲ್ಲದ ಸೋರಿಕೆ ಎಂಬಂತಿದ್ದ ಈ ಸನ್ನಿವೇಶದಲ್ಲಿ ಕಾದಂಬರಿಕಾರರು ಕಿವಿಗೊಟ್ಟದ್ದು ಬಹುಮಟ್ಟಿಗೆ ಗದ್ದಲಕ್ಕೆ.

'ಆಟಮ್' ಮತದಾನ ನಡೆದು ನಾಲ್ಕೇ ತಿಂಗಳಲ್ಲಿ ಹೊರಬಂದ ಕೃತಿ. ನೂರಾ ಒಂದು ವಯಸ್ಸಿನ ಡೇನಿಯಲ್ ಗ್ಲಕ್ ಎಂಬ ವೃದ್ಧನಿಗೂ, ಒಮ್ಮೆ ಆತನ ನೆರೆಮನೆಯ ಬಾಲಕಿಯಾಗಿದ್ದ ಎಲಿಸಬೆತ್ ಎಂಬ ಕಲೆಯ ಅಧ್ಯಾಪಿಕೆಗೂ ಇರುವ ಸ್ನೇಹವೇ ಇದರ ಜೀವ. ದೇಶ ಎರಡು ಹೋಳಾದ ಬಗೆಯನ್ನು ಸ್ಮಿತ್ ಅವರು ಒಂದೇ ಪಲ್ಲವಿಯನ್ನು ಮರಳಿ ಮರಳಿ ನುಡಿದು ಚಿತ್ರಿಸುವ ಅಧ್ಯಾಯವನ್ನು ಎಲ್ಲರೂ ಕೊಂಡಾಡಿದ್ದಾರೆ. ಅದು ಸುಂದರವಾಗಿದೆ, ನಿಜ. ಆದರೆ ಸೋತವರ ದುಃಖಕ್ಕೂ ಗೆದ್ದವರ ಹರ್ಷಕ್ಕೂ ಒಂದೇ ರಾಗ ಹಾಕಿದಾಗ ಇಬ್ಬರ ಕಾರಣಗಳೂ ಕೇಳಿಸದೆ ಹೋಗುತ್ತವೆ. ಅದಕ್ಕಿಂತ ಬೆಲೆಯುಳ್ಳದ್ದು ಅಂಚೆಕಚೇರಿಯ ಸನ್ನಿವೇಶ. ಎಲಿಸಬೆತ್ ಪಾಸ್‌ಪೋರ್ಟಿನ ಅರ್ಜಿಯನ್ನು ತಂದು ಸರದಿಯಲ್ಲಿ ಬಹಳ ಹೊತ್ತು ಕಾಯುತ್ತಾಳೆ. ಕೊನೆಗೆ ಗುಮಾಸ್ತ ಅವಳ ಭಾವಚಿತ್ರವನ್ನು ಅಳೆದು ನೋಡಿ, ನಿಮ್ಮ ತಲೆಯ ಅಳತೆ ತಪ್ಪಾಗಿದೆ ಎಂದು ತೀರ್ಮಾನಿಸುತ್ತಾನೆ. ಓದುಗ ನಗುತ್ತಾನೆ, ನಕ್ಕ ಮೇಲೆ ಅವನಿಗೆ ಅರಿವಾಗುವುದೇನೆಂದರೆ, ನಮೂನೆಗೆ ಹೊಂದದ ತಲೆಯುಳ್ಳವನು ತಾನೂ ಆಗಬಹುದೆಂಬುದು. ಲಕ್ಷಾಂತರ ಸರಕಿನ ಪೆಟ್ಟಿಗೆಗಳ ಪಾಡು 2021ರಲ್ಲಿ ಇದೇ ಆಯಿತು. ಭವಿಷ್ಯ ನುಡಿಯುವ ಉದ್ದೇಶ ಲೇಖಕಿಗೆ ಇದ್ದಿರಲಾರದು. ನಮೂನೆಯ ಕಾಗದವನ್ನು ಗಮನವಿಟ್ಟು ನೋಡಿದುದರ ಫಲವಷ್ಟೇ ಇದು.

ಮೆಕ್‌ಯುವನ್ ಅವರ ಕಿರುಕಾದಂಬರಿ ನೇರವಾಗಿ ಅರ್ಥಶಾಸ್ತ್ರಕ್ಕೇ ಕೈ ಹಾಕಿತು. ಆದಕಾರಣ ಅದರ ಸೋಲು ಹೆಚ್ಚು ಬೋಧಪ್ರದ. ಕಾಫ್ಕಾನ ಪ್ರಸಿದ್ಧ ಕಥೆಯನ್ನು ತಿರುವಿಹಾಕಿ, ಇಲ್ಲಿ ಒಂದು ಜಿರಳೆ ಬ್ರಿಟನ್ನಿನ ಪ್ರಧಾನಿ ಜಿಮ್ ಸ್ಯಾಮ್ಸ್ ಆಗಿ ಎಚ್ಚರಗೊಳ್ಳುತ್ತದೆ. ಅದರ ಸರಕಾರದ ಧ್ಯೇಯ ಹಣದ ಹರಿವನ್ನು ಹಿಂದುಮುಂದಾಗಿಸುವುದು: ದುಡಿಯುವವನು ಧಣಿಗೆ ಹಣ ಕೊಡಬೇಕು, ಅಂಗಡಿಗೆ ಹೋದವನಿಗೆ ಸಾಮಾನಿನ ಜೊತೆಗೆ ಹಣವೂ ಸಿಗಬೇಕು, ಕೂಡಿಟ್ಟ ಹಣಕ್ಕೆ ಬಡ್ಡಿ ಬರುವುದರ ಬದಲು ದಂಡ. ಈ ಕೊನೆಯ ಅಂಶ ಲೇಖಕರು ತಿಳಿದಷ್ಟು ಅಸಂಗತವೇನಲ್ಲ. ಯುರೋಪಿನ ಕೇಂದ್ರ ಬ್ಯಾಂಕು 2014ರ ಜೂನಿನಲ್ಲಿಯೇ ತನ್ನಲ್ಲಿ ಹಣವಿಟ್ಟ ಬ್ಯಾಂಕುಗಳಿಂದ ನೂರಕ್ಕೆ 0.10ರಂತೆ ತಾನೇ ವಸೂಲು ಮಾಡತೊಡಗಿತ್ತು; ಜಿರಳೆಯ ಪ್ರಧಾನಿತನವಿಲ್ಲದೆಯೇ ಇದು ನಡೆದುಹೋಯಿತು. ಕೃತಿಯ ನಿಜವಾದ ಚುರುಕು ಬೇರೆಡೆ ಇದೆ. ಒಂದೇ ದೇಶ ಹರಿವನ್ನು ತಿರುಗಿಸಿಕೊಂಡರೆ ವಿದೇಶ ವ್ಯಾಪಾರ ನಡೆಯದು, ಎದುರು ಪಕ್ಷದವನೂ ತಿರುಗಬೇಕು ಎಂಬುದು ಪ್ರಧಾನಿಗೆ ಹೊಳೆಯುತ್ತದೆ. ಅಮೆರಿಕದ ಅಧ್ಯಕ್ಷನನ್ನು ಓಲೈಸಲು ಅವನು ಹೊರಡುತ್ತಾನೆ. ಸ್ವಾತಂತ್ರ್ಯವನ್ನು ಘೋಷಿಸಿದ ದಿನವೇ ಇನ್ನೊಬ್ಬರ ಒಪ್ಪಿಗೆಗೆ ಕೈ ಚಾಚಬೇಕಾಗುವುದು ಕೂಟವನ್ನು ಬಿಟ್ಟವನ ನಿಜವಾದ ಸಂಕಟ. ಇಲ್ಲಿ ನಿಂತು ನೋಡಿದ್ದರೆ ದೊಡ್ಡ ವಿಡಂಬನೆ ಹುಟ್ಟುತ್ತಿತ್ತು. ಆದರೆ ಕೃತಿ ನಿಲ್ಲುವುದಿಲ್ಲ. ಮನುಷ್ಯರು ಬಡತನಕ್ಕೂ ಕೊಳಕಿಗೂ ಇಳಿದರೆ ಜಿರಳೆಗಳಿಗೆ ಸುಗ್ಗಿ ಎಂಬ ಕಾರಣವನ್ನು ಮುಂದಿಟ್ಟು ಮುಗಿಸಿಬಿಡುತ್ತದೆ. ಹಾಗಾದರೆ ಬಿಡಬೇಕೆಂದು ಮತ ಹಾಕಿದ 1 ಕೋಟಿ 74 ಲಕ್ಷ ಜನ ಯಾರು? ಕೀಟಗಳ ಸಂಚಿಗೆ ಸಿಕ್ಕ ಮರುಳರೆಂದೇ ತಿಳಿಯಬೇಕೆ? ಎದುರಾಳಿಗೆ ಒಂದಾದರೂ ಸಕಾರಣ ಇದ್ದಿರಬಹುದೆಂದು ಒಪ್ಪದ ವಿಡಂಬನೆ ತನ್ನ ಪಕ್ಷದವರನ್ನು ನಗಿಸೀತು, ಮತ್ತೊಬ್ಬರನ್ನು ಮುಟ್ಟಲಾರದು.

ಆ ಸಕಾರಣವನ್ನು ಹುಡುಕಿ ಹೊರಟವರು ಕೋ. 'ಮಿಡ್ಲ್ ಇಂಗ್ಲೆಂಡ್' ಕಾದಂಬರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಟ್ರಾಟರ್ ಕುಟುಂಬದ 2010ರಿಂದ 2018ರವರೆಗಿನ ಕಥೆಯಿದೆ. ಇದರಲ್ಲಿ ಮತಭೇದದಿಂದ ಬಿರುಕುಬಿಟ್ಟ ಸೋಫಿ ಮತ್ತು ಇಯನ್ ದಂಪತಿಗಳ ದಾಂಪತ್ಯವನ್ನು ವಿಮರ್ಶಕರು ಬಹಳವಾಗಿ ಚರ್ಚಿಸಿದ್ದಾರೆ. ದೇಶದ ಬಿರುಕನ್ನು ಮನೆಯೊಳಗೆ ಪಡಿಯಚ್ಚಾಗಿ ತೋರಿಸುವ ಈ ಉಪಾಯ ತೀರ ಸುಲಭದ್ದು. ಗ್ರಂಥದ ಶಿಖರವಿರುವುದು ಮುದುಕ ಕಾಲಿನ್ ಟ್ರಾಟರ್ ತಾನು ದುಡಿದ ಲಾಂಗ್‌ಬ್ರಿಡ್ಜಿನ ಮೋಟಾರು ಕಾರ್ಖಾನೆಯನ್ನು ಮತ್ತೊಮ್ಮೆ ನೋಡಬೇಕೆಂದು ಮಗ ಬೆಂಜಮಿನ್ನನೊಡನೆ ಹೋಗುವ ಪ್ರಸಂಗದಲ್ಲಿ. ಕಾರ್ಖಾನೆ ಅಲ್ಲಿಲ್ಲ, ಅಂಗಡಿಗಳಿವೆ, ಮನೆಗಳಿವೆ. ಏನನ್ನೂ ತಯಾರಿಸದ ಊರಿನಲ್ಲಿ ಅಂಗಡಿಗೆ ಸುರಿಯುವ ಹಣ ಜನರಿಗೆ ಎಲ್ಲಿಂದ ಬರುತ್ತದೆ ಎಂಬ ಅರ್ಥದ ಪ್ರಶ್ನೆಯನ್ನು ಮುದುಕ ಕೇಳುತ್ತಾನೆ. ಮಗನ ಬಳಿ ಉತ್ತರವಿಲ್ಲ. ಲಂಡನ್ನಿನ ಹಣಕಾಸು ಪಂಡಿತರ ಬಳಿಯೂ ಆ ಮುದುಕನಿಗೆ ಒಪ್ಪಿಗೆಯಾಗುವ ಉತ್ತರವಿರಲಿಲ್ಲ. ಗಮನಿಸತಕ್ಕದ್ದೆಂದರೆ, ಲಾಂಗ್‌ಬ್ರಿಡ್ಜ್ ಕಾರ್ಖಾನೆಯನ್ನು ನಡೆಸುತ್ತಿದ್ದ ಎಂಜಿ ರೋವರ್ ಕುಸಿದದ್ದು 2005ರಲ್ಲಿ, ಬ್ರಿಟನ್ನು ಕೂಟದೊಳಗೆ ಇದ್ದಾಗಲೇ. ಕೂಟ ಅದನ್ನು ಕೆಡವಲಿಲ್ಲ, ಉಳಿಸಲೂ ಇಲ್ಲ. ಹಳೆಯ ಗಾಯಕ್ಕೆ ಹೊಸ ಕಾರಣ ಹುಡುಕಿದ ಜನರ ಮನಸ್ಸು ಈ ಹತ್ತಾರು ಪುಟಗಳಲ್ಲಿ ತಿಳಿಯಾಗುವಷ್ಟು ಯಾವ ರಾಜಕೀಯ ಗ್ರಂಥದಲ್ಲಿಯೂ ಆಗುವುದು ಕಷ್ಟ.

ಇಷ್ಟು ಮಾಡಿದ ಕೋ ಅವರು ಕಡೆಯಲ್ಲಿ ಎಡವುತ್ತಾರೆ. ಬೆಂಜಮಿನ್ನನೂ ಅವನ ಅಕ್ಕನೂ ಇಂಗ್ಲೆಂಡಿಗೆ ಬೆನ್ನು ತಿರುಗಿಸಿ ಫ್ರಾನ್ಸಿನಲ್ಲಿ ನೆಲಸುತ್ತಾರೆ. ಅಲ್ಲಿಯ ಬಿಸಿಲು ಓದುಗನಿಗೆ ಹಿತವಾಗಿದೆ. ಆದರೆ ಬೆಂಜಮಿನ್ನನ ನೆಮ್ಮದಿಯ ಬೇರು ಅವನು ಲಂಡನ್ನಿನ ಮನೆಯನ್ನು ಮಾರಿ ಪಡೆದ ಹಣದಲ್ಲಿದೆ ಎಂಬುದನ್ನು ಕಾದಂಬರಿ ತಾನೇ ಆರಂಭದಲ್ಲಿ ಹೇಳಿ, ತಾನೇ ಮರೆತಿದೆ. ರಾಜಧಾನಿಯಲ್ಲಿ ಮನೆಯಿದ್ದವನಿಗೆ ದೇಶ ಬಿಡುವ ದಾರಿಯಿತ್ತು, ಲಾಂಗ್‌ಬ್ರಿಡ್ಜಿನಲ್ಲಿ ಮನೆಯಿದ್ದವನಿಗೆ ಮತ ಹಾಕುವ ದಾರಿ ಮಾತ್ರ ಇತ್ತು. ಈ ವ್ಯತ್ಯಾಸವೇ ಮತದಾನದ ಅರ್ಧ ಕಥೆ.

ಇಲ್ಲಿ ಒಂದು ನ್ಯಾಯವನ್ನು ಸಲ್ಲಿಸಬೇಕು. ಈ ಮೂರು ಕೃತಿಗಳೂ 2021ಕ್ಕೆ ಮುಂಚಿನವು. ಇವು ಬಿಡುವ ತೀರ್ಪಿನ ಕಾದಂಬರಿಗಳು, ಬಿಟ್ಟ ಮೇಲಿನ ಬದುಕಿನವಲ್ಲ; ನಡೆಯದೆ ಇದ್ದುದನ್ನು ಕಾಣಲಿಲ್ಲವೆಂದು ದೂರುವುದು ತರವಲ್ಲ. ಆದರೆ ಕಚೇರಿಯ ಕಾಗದ, ಕಾಯಿದೆಯ ಕಲಮು, ಸುಂಕದ ದರ ಇವು ಕಾವ್ಯಕ್ಕೆ ಒಗ್ಗದ ಒಣ ವಸ್ತುಗಳೆಂಬ ಭಾವನೆಯೊಂದು ಇವುಗಳ ಹಿಂದೆ ಇರುವಂತಿದೆ. ಕನ್ನಡ ಓದುಗರಿಗೆ ಈ ಭಾವನೆ ಒಪ್ಪಿಗೆಯಾಗಲಾರದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕವನ್ನೇ ಕಾಯಕವಾಗಿ ಉಳ್ಳ ಸುಂಕದ ಬಂಕಣ್ಣನಿದ್ದಾನೆ. ತನ್ನ ಕಟ್ಟೆಯ ಮಾತುಗಳಿಂದಲೇ ಅವನು ಅನುಭಾವವನ್ನು ಕಟ್ಟಿದ. ಮುಂಬಯಿಯ ಕಚೇರಿಯಿಂದ ಬಂದ ಒಂದು ಅಮಾನತಿನ ಕಾಗದ ಮನುಷ್ಯನೊಬ್ಬನ ಬದುಕನ್ನು ಹೇಗೆ ಬೇಟೆಯಾಡಬಲ್ಲುದೆಂಬುದನ್ನು ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿಯೇ ತೋರಿಸಿತು.

'ಬೋರ್ನ್‌ವಿಲ್' ಹಿರಿದಾಗುವುದು ಇಲ್ಲಿಯೇ. 1945ರ ವಿಜಯೋತ್ಸವದಿಂದ 2020ರವರೆಗೆ ಚಾಚಿದ ಈ ಕಾದಂಬರಿ ಕ್ಯಾಡ್‌ಬರಿ ಚಾಕೊಲೇಟಿನ ಊರಿನ ಕುಟುಂಬವೊಂದರ ಚರಿತ್ರೆ. ಭಾರತದ ಮನೆಮನೆಯ ಮಕ್ಕಳೂ ಬಲ್ಲ ಆ ಮಿಠಾಯಿಯನ್ನು ಚಾಕೊಲೇಟ್ ಎಂದು ಕರೆಯಬಹುದೇ ಎಂಬ ಬಗ್ಗೆ ಯುರೋಪಿನಲ್ಲಿ ಮೂವತ್ತು ವರ್ಷ ವ್ಯಾಜ್ಯ ನಡೆದದ್ದು ಹೆಚ್ಚಿನವರಿಗೆ ತಿಳಿಯದು. ಬ್ರಿಟಿಷರು ಕೋಕೋವಿನ ಬೆಣ್ಣೆಯೊಡನೆ ಬೇರೆ ಸಸ್ಯದ ಕೊಬ್ಬನ್ನು ಬೆರೆಸುತ್ತಿದ್ದರು, ಹಾಲನ್ನೂ ಹೆಚ್ಚು ಹಾಕುತ್ತಿದ್ದರು. ಬೆಲ್ಜಿಯಂ, ಫ್ರಾನ್ಸ್ ಮುಂತಾದ ದೇಶಗಳ ಕಣ್ಣಿಗೆ ಅದು ಅಪ್ಪಟ ಚಾಕೊಲೇಟ್ ಅಲ್ಲ. ನೂರಕ್ಕೆ 5ರವರೆಗೆ ಬೇರೆ ಕೊಬ್ಬನ್ನು ಬೆರೆಸಬಹುದೆಂಬ ನಿಯಮ 2000ದಲ್ಲಿ ಬಂದಿತು; ಇಟಲಿ ಮತ್ತು ಸ್ಪೇನ್ ದೇಶಗಳ ವಿರುದ್ಧ ಯುರೋಪಿನ ನ್ಯಾಯಾಲಯ 2003ರಲ್ಲಿ ತೀರ್ಪಿತ್ತ ಮೇಲೆ ಜಗಳ ಅಡಗಿತು. ಕೋ ಅವರು ಕುಟುಂಬದ ಮಗ ಮಾರ್ಟಿನ್ನನನ್ನು ಈ ವ್ಯಾಜ್ಯಕ್ಕಾಗಿ ಬ್ರಸೆಲ್ಸಿಗೆ ಕಳುಹಿಸುತ್ತಾರೆ. ಬೇಸರ ಹುಟ್ಟಿಸಬೇಕಾದ ಸಮಿತಿಯ ಕೋಣೆಗಳು ಇಲ್ಲಿ ನಾಟಕದ ರಂಗಗಳಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಎರಡು ಪಕ್ಷದ ಮಾತಿಗೂ ತೂಕವಿದೆ: ತಾಯಿ ಕೊಟ್ಟ ತಿಂಡಿಯ ರುಚಿಯೇ ನಿಜವಾದ ರುಚಿ ಎಂಬ ಹಟ ಬೆಲ್ಜಿಯಂನವನಿಗೂ ಉಂಟು, ಬರ್ಮಿಂಗ್‌ಹ್ಯಾಮಿನವನಿಗೂ ಉಂಟು. ಒಂದೇ ಪೇಟೆ ಕಟ್ಟುವುದೆಂದರೆ ಇಂತಹ ಹಟಗಳನ್ನು ಎದುರುಬದುರು ಕೂರಿಸಿ, ಯಾರಿಗೂ ಪೂರ್ಣ ತೃಪ್ತಿಯಾಗದ ಶೇಕಡಾವಾರನ್ನು ಬರೆಸಿ ಸಹಿ ಹಾಕಿಸುವ ತಾಳ್ಮೆಯ ಕೆಲಸ. ಈ ತಾಳ್ಮೆಯನ್ನು ಲಂಡನ್ನಿನ ಕೆಲವು ಪತ್ರಿಕೆಗಳು ಬ್ರಸೆಲ್ಸಿನ ದಬ್ಬಾಳಿಕೆಯೆಂದು ಬಣ್ಣಿಸಿ ಓದುಗರನ್ನು ರಂಜಿಸುತ್ತಿದ್ದವು ಎಂಬುದನ್ನೂ ಕಾದಂಬರಿ ಬಿಟ್ಟಿಲ್ಲ. ಕಟ್ಟಲು ಮೂವತ್ತು ವರ್ಷ ಹಿಡಿದದ್ದು ಏನೆಂಬುದನ್ನು ಓದುಗ ಈ ಕೃತಿಯಿಂದ ಕಲಿಯುತ್ತಾನೆ. ಕಳೆದುಕೊಂಡದ್ದೇನೆಂಬುದು ಆ ಮೇಲೆ ತಾನಾಗಿ ತಿಳಿಯುತ್ತದೆ.

ಇಷ್ಟಾದರೂ ನಾಲ್ಕೂ ಕೃತಿಗಳು ಇಂಗ್ಲೆಂಡಿನವೇ. ಬಿಡುವಿಕೆಯ ಅತಿ ಕಠಿನವಾದ ಗಂಟು ಇಂಗ್ಲೆಂಡಿನಲ್ಲಿರಲಿಲ್ಲ, ಐರ್ಲೆಂಡಿನಲ್ಲಿತ್ತು. ಅಲ್ಲಿಯ ಗಡಿಯುದ್ದಕ್ಕೂ 200ಕ್ಕಿಂತ ಹೆಚ್ಚು ದಾರಿಗಳು ಅತ್ತಿತ್ತ ಹಾಯುತ್ತವೆ. 1998ರ ಶಾಂತಿಯ ಒಪ್ಪಂದದ ಬಳಿಕ ಅವುಗಳ ಮೇಲೆ ಕಾವಲಿಲ್ಲ. ಈ ದಾರಿಗಳಲ್ಲಿ ಸುಂಕದ ಕಟ್ಟೆ ಎದ್ದರೆ ಹಳೆಯ ರಕ್ತಪಾತ ಮರಳೀತೆಂಬ ಭಯದಿಂದ ಕಟ್ಟೆಯನ್ನು ಸಮುದ್ರದ ದಡಕ್ಕೆ ಸರಿಸಲಾಯಿತು: ಗ್ರೇಟ್ ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಹೋಗುವ ಸರಕು, ಅಂದರೆ ಒಂದೇ ರಾಜ್ಯದೊಳಗೆ ಸಾಗುವ ಸರಕು, ತಪಾಸಣೆಗೆ ಒಳಗಾಯಿತು. ತಮ್ಮನ್ನು ಬ್ರಿಟಿಷರೆಂದೇ ಎಣಿಸಿಕೊಂಡ ಜನಕ್ಕೆ ಇದು ಸುಂಕದ ಪ್ರಶ್ನೆಯಾಗಿ ತೋರಲಿಲ್ಲ, ಕುಲದಿಂದ ಹೊರಹಾಕಿದಂತಾಯಿತು. ಅವರ ಪಕ್ಷ 2022ರ ಫೆಬ್ರವರಿಯಲ್ಲಿ ಬೆಲ್‌ಫಾಸ್ಟಿನ ಆಡಳಿತದಿಂದ ಹೊರನಡೆದು ಎರಡು ವರ್ಷ ಅದನ್ನು ನಿಲ್ಲಿಸಿತು. 2023ರ ವಿಂಡ್ಸರ್ ಒಪ್ಪಂದ ಸರಕಿಗೆ ಹಸಿರು ಸಾಲು, ಕೆಂಪು ಸಾಲು ಎಂಬ ಎರಡು ದಾರಿಗಳನ್ನು ಮಾಡಿತು. 2024ರ ಫೆಬ್ರವರಿಯಲ್ಲಿ ಆಡಳಿತ ಮತ್ತೆ ಆರಂಭವಾಯಿತು. ಈ ನಡುವೆ, 2021ರಿಂದ ವಿಂಡ್ಸರ್ ಒಪ್ಪಂದ ಜಾರಿಗೆ ಬರುವವರೆಗೆ, ಸ್ಕಾಟ್ಲೆಂಡಿನ ಬಿತ್ತನೆಯ ಆಲೂಗಡ್ಡೆ ಆ ಕಿರಿದಾದ ಕಡಲನ್ನು ದಾಟುವಂತಿರಲಿಲ್ಲ. ಆ ಆಲೂಗಡ್ಡೆಗೆ ಕಾದು ಕುಳಿತ ಉತ್ತರ ಐರ್ಲೆಂಡಿನ ರೈತ ಈ ನಾಲ್ಕು ಕೃತಿಗಳಲ್ಲಿ ಒಂದರಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.